ಹೊಳಪಿಗೆ ಒಪ್ಪದ ಬಾಗಿಲು

"ಇನ್ನೊಂದು ಕೈ ನೋಡೋಣ," ಎಂದರು ಕನ್ನಡಿ ಮಾಮ.

ಬೆಳಗಿನಿಂದ ಅವರು ಹೇಳುತ್ತಿದ್ದುದು ಇದೊಂದೇ ಮಾತು. ಬಟ್ಟೆಯ ಉಂಡೆಗೆ ಚೂರು ಕಾಂಪೌಂಡ್ ಎನ್ನುವ ಪಾಲಿಶ್ ಪೇಸ್ಟು ಹಚ್ಚುವುದು, ಕಾರಿನ ಬಾಗಿಲ ಮೇಲೆ ಸುತ್ತಿ ಸುತ್ತಿ ತಿಕ್ಕುವುದು, ಒರೆಸುವುದು, ತಲೆ ಓರೆ ಮಾಡಿ ನೋಡುವುದು, ಮತ್ತೆ ಅದೇ ಮಾತು. ಬಾಗಿಲು ಮಾತ್ರ ಜಪ್ಪಯ್ಯ ಅಂದರೂ ಹೊಳೆಯಲೊಲ್ಲದು.

ಉಳಿದ ಕಾರು ಅಷ್ಟು ಹಟ ಮಾಡಿರಲಿಲ್ಲ. ಬಾನೆಟ್ಟು, ಟಾಪು, ದುಂಡನೆಯ ಮಡ್‌ಗಾರ್ಡುಗಳು, ಎಲ್ಲದರ ಮೇಲೂ ಕೂತಿದ್ದ ಹಳೇ ಮಂಕು ಪುಡಿಪುಡಿಯಾಗಿ ಬಟ್ಟೆಗೆ ಬಂದಿತ್ತು. ಅದರಡಿಯಿಂದ ಕಡುಗೆಂಪು ಬಣ್ಣ ನಿದ್ದೆ ತಿಳಿದು ಕಣ್ಣುಬಿಟ್ಟ ಹಾಗೆ ಮೇಲೆದ್ದಿತ್ತು. ಎಡಗಡೆ ಹಿಂದಿನ ಬಾಗಿಲೊಂದೇ ಹಳೇ ಇಟ್ಟಿಗೆಯ ಬಣ್ಣದಲ್ಲಿ, ಮದುವೆ ಮನೆಯಲ್ಲಿ ಮುನಿಸಿಕೊಂಡು ಕೂತ ನೆಂಟನ ಹಾಗೆ, ಮುಖ ಊದಿಸಿಕೊಂಡಿತ್ತು.

ಇಲಿಮರಿ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಕ್ರೋಮ್ ಪಟ್ಟಿಗೆ ಟೇಪು ಅಂಟಿಸುತ್ತಿದ್ದಳು. ಕಣ್ಣು ಟೇಪಿನ ಮೇಲಿತ್ತು. ಮನಸ್ಸು ಬಾಗಿಲ ಮೇಲಿತ್ತು.

ಇಲಿಮರಿ ಅಮ್ಮ ಕರೆಯುವ ಹೆಸರು. ಮನೆಯ ನಾಲ್ಕು ಗೋಡೆ ದಾಟಿ ಅದು ಯಾರ ಕಿವಿಗೂ ಬಿದ್ದಿರಲಿಲ್ಲ. ಅವಳು ತೊಟ್ಟಿಲಲ್ಲಿದ್ದಾಗಲೇ ಅಪ್ಪ ಮನೆ ಬಿಟ್ಟ ಮೇಲೆ ಅಲ್ಲಿ ಉಳಿದವರು ಅವರಿಬ್ಬರೇ. ಸದ್ದಿಲ್ಲದೆ ಮೂಲೆ ಸೇರುವವಳು, ಆದರೆ ಹಿಡಿದದ್ದನ್ನು ಕೊರೆದು ಮುಗಿಸದೆ ಬಿಡುವವಳಲ್ಲ ಎಂದು ಅಮ್ಮನ ವಿವರಣೆ. ರೈಲು ನಿಲ್ದಾಣದಲ್ಲಿ, ಕಳೆದುಹೋದ ಸಾಮಾನುಗಳ ಕೋಣೆಯಲ್ಲಿ ಅವಳ ಕೆಲಸ. ಛತ್ರಿ, ಕನ್ನಡಕ, ಒಂಟಿ ಚಪ್ಪಲಿ, ಒಮ್ಮೆ ಒಂದು ಸೆಟ್ಟು ಕಟ್ಟಿಸಿದ ಹಲ್ಲು. ಅದರದರ ಒಡೆಯರನ್ನು ಹುಡುಕಿ ಮುಟ್ಟಿಸುವುದರಲ್ಲಿ ಅವಳಿಗೆ ಸಿಗುತ್ತಿದ್ದ ಖುಷಿ ನಾಲ್ಕು ಜನರ ಜೊತೆ ಮಾತಾಡುವುದರಲ್ಲಿ ಸಿಗುತ್ತಿರಲಿಲ್ಲ.

ಈಗ ಅವಳು ಹುಡುಕುತ್ತಿದ್ದುದು ಒಬ್ಬ ಮನುಷ್ಯನನ್ನು. ಮೂರು ವರ್ಷದ ಹಿಂದೆ ಅಮ್ಮ ನಡುರಸ್ತೆಯಲ್ಲಿ ಎದೆ ಹಿಡಿದುಕೊಂಡು ಕುಸಿದಾಗ, ಯಾರೋ ಒಂದು ಹಳೇ ಕೆಂಪು ಕಾರಿನಲ್ಲಿ ಆಸ್ಪತ್ರೆಯ ಬಾಗಿಲಿಗೆ ತಂದು ಮಲಗಿಸಿ, ಹೆಸರೂ ಹೇಳದೆ ಹೋಗಿಬಿಟ್ಟಿದ್ದರು. ಆ ಅವಸರದಲ್ಲಿ ಆಸ್ಪತ್ರೆ ಗೇಟಿನ ಕಂಬಕ್ಕೆ ಕಾರು ತಾಗಿ ಉದುರಿದ ಬಣ್ಣದ ಚೂರೊಂದು ಅವಳನ್ನು ಊರ ಗ್ಯಾರೇಜುಗಳನ್ನೆಲ್ಲ ಸುತ್ತಿಸಿ, ಕೊನೆಗೆ ಈ ಟೀಚರಮ್ಮನ ಮನೆಯ ಹಿಂದಿನ ಶೆಡ್ಡಿಗೆ ತಂದು ನಿಲ್ಲಿಸಿತ್ತು. ಕನ್ನಡಿ ಮಾಮನ ಹತ್ತಿರ ಪಾಲಿಶ್ ಕೆಲಸ ಕಲಿಯಬೇಕು ಎಂದು ಇವತ್ತು ಬೆಳಿಗ್ಗೆ ಕೇಳಿಕೊಂಡು ಬಂದಿದ್ದಳು. ಅರ್ಧ ಸುಳ್ಳು. ಆ ಅರ್ಧಕ್ಕೇ ಅವಳ ಕಿವಿ ಇನ್ನೂ ಬಿಸಿಯಾಗಿತ್ತು.

ಮಧ್ಯಾಹ್ನಕ್ಕೆ ಕಾರು ಕೊಳ್ಳುವವರು ಬರುವವರಿದ್ದರು. ದೂರದ ಊರಿನವರಂತೆ. ಕಾರು ಹೋದರೆ ಜಾಡೂ ಹೋಯಿತು. ಅಮ್ಮನ 'ಥ್ಯಾಂಕ್ಸ್' ಅಮ್ಮನ ಹತ್ತಿರವೇ ಉಳಿಯುತ್ತದೆ.

"ಸಾಕು ಬಿಡು ಕನ್ನಡಿ, ಬಾಗಿಲಲ್ಲಿ ತೂತು ಬಿದ್ದೀತು," ಎಂದು ಹಿತ್ತಿಲ ಬಾಗಿಲಿನಿಂದ ಟೀಚರಮ್ಮ ಕೂಗಿದರು. ಗಂಡ ಹೋದ ಮೇಲೆ ಒಬ್ಬರೇ ಈ ಮನೆಯಲ್ಲಿದ್ದವರು. ಕ್ಲಾಸಿನ ಕೊನೇ ಬೆಂಚಿಗೂ ಮುಟ್ಟುವ ದನಿ ಇನ್ನೂ ಹಾಗೇ ಇತ್ತು. "ನಿಂಗೊತ್ತಾ ಮಗು, ಈ ಮನುಷ್ಯ ಪಾಲಿಶ್ಶೇ ಬೇಡ ಅಂತ ಒಂದು ವಾರ ನನ್ ಹತ್ರ ಜಗಳ ಆಡಿದ್ದಾನೆ. ಮಾಸಿದ್ರೇನೇ ಹಳೇ ಗಾಡಿಗೆ ಗತ್ತು ಅಂತೆ! ಕಾರಲ್ಲಿ ತನ್ನ ಹಲ್ಲು ಕಾಣೋವರೆಗೂ ಕೈ ಬಿಡದೆ ಕನ್ನಡಿ ಅಂತ ಹೆಸರು ತಗೊಂಡ ಆಸಾಮಿ ಇವನು."

"ಏನೋ ಹೇಳ್ದೆ, ಬಿಡೀಮ್ಮ," ಎಂದು ಮಾಮ ಗೊಣಗಿದರು. ಟೀಚರಮ್ಮ ನಗುತ್ತ ಒಳಗೆ ಹೋದರು.

ಇಲಿಮರಿಯ ಕೈ ಟೇಪಿನ ಮೇಲೆ ನಿಂತಿತು.

ಹೊಳಪನ್ನೇ ಉಸಿರಾಡುವ ಮನುಷ್ಯ ಹೊಳಪು ಬೇಡ ಎನ್ನುವುದೆಂದರೇನು? ಹೊಳಪು ಬಂದರೆ ಏನೋ ಕಾಣುತ್ತದೆ ಎಂದೇ ತಾನೆ?

ಈ ಕಾರಿನ ಕೀ ಇದ್ದವರು ಮೂರೇ ಜನ. ಟೀಚರಮ್ಮನಿಗೆ ಸೈಕಲ್ಲೇ ಬಾರದು, ಅದನ್ನು ಅವರೇ ಬೆಳಿಗ್ಗೆ ಹೇಳಿ ನಕ್ಕಿದ್ದರು. ಅವರ ಮೈದುನನಿಗೆ ಗಾಡಿ ಓಡಿಸಲು ಬರುತ್ತದೆ. ಆದರೆ ಆತ ಅಂಗಳದ ಒಂದು ಬಲ್ಬು ಬದಲಾಯಿಸಿದ್ದನ್ನು ವಾರಗಟ್ಟಲೆ ಹೇಳಿಕೊಂಡು ತಿರುಗುವ ಜಾತಿ, ಅದೂ ಟೀಚರಮ್ಮ ಹೇಳಿದ್ದೇ. ಒಂದು ಜೀವ ಉಳಿಸಿ ಬಾಯಿಗೆ ಬೀಗ ಹಾಕಿಕೊಂಡಿರುವುದು ಆತನ ಕೈಲಾಗದ ಕೆಲಸ. ಉಳಿದವರು, ಬ್ಯಾಟರಿ ಸಾಯಬಾರದೆಂದು ವಾರಕ್ಕೊಮ್ಮೆ ಬಂದು ಇಂಜಿನ್ನು ಚಾಲೂ ಮಾಡಿ ಹೋಗುತ್ತಿದ್ದ ಕನ್ನಡಿ ಮಾಮ.

ಇಲಿಮರಿ ಎದ್ದಳು. ಹೇಳಬೇಕಾದ ಮಾತನ್ನು ಬೆಳಗಿನಿಂದ ಮನಸ್ಸಿನಲ್ಲಿ ಉರುಹೊಡೆದಿದ್ದಳು. ಈಗ ಅದರಲ್ಲಿ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಚೀಲದಿಂದ ಅಮ್ಮನ ಗುಂಡಿ ಡಬ್ಬಿ ತೆಗೆದು, ಅದರೊಳಗಿನ ಬಣ್ಣದ ಚೂರನ್ನು ಬಾನೆಟ್ಟಿನ ಮೇಲೆ ಇಟ್ಟಳು.

"ಏನದು?"

ಅವಳು ಬೆರಳ ತುದಿಗೆ ಕಾಂಪೌಂಡ್ ತಗೊಂಡು ಚೂರಿನ ಮೇಲೆ ಮೆಲ್ಲಗೆ ಉಜ್ಜಿದಳು. ಬಟ್ಟೆಯ ಅಂಚಿನಿಂದ ಒರೆಸಿದಳು. ಇಟ್ಟಿಗೆ ಬಣ್ಣ ಹೋಯಿತು. ಕಡುಗೆಂಪು ಬಂತು. ಬಾನೆಟ್ಟಿನ ಮೇಲೆ ಚೂರು ಎಲ್ಲಿದೆ ಎಂದು ಹುಡುಕಬೇಕಾಯಿತು, ಅಷ್ಟು ಬೆರೆತುಹೋಗಿತ್ತು.

"ಮಾಮ, ಇದು ಈ ಕಾರಿಂದು," ಎಂದಳು. ದನಿ ಅವಳಿಗೇ ಕೇಳಿಸುವಷ್ಟಿತ್ತು. "ಆ ಬಾಗಿಲಿಂದ ಉದುರಿದ್ದು. ಚೂರು ಹೊಳೆಯುತ್ತೆ, ಬಾಗಿಲು ಹೊಳೆಯಲ್ಲ."

"ಹಳೇ ಬಣ್ಣ ಮಗು. ಒಂದೊಂದ್ ಕಡೆ ಸತ್ತೋಗಿರುತ್ತೆ."

"ಸತ್ತಿರೋದು ಮೇಲ್ಗಡೆ ಮಾತ್ರ, ಒಳಗೆ ಜೀವ ಇರುತ್ತೆ ಅಂತ ನೀವೇ ಬೆಳಿಗ್ಗೆ ಹೇಳಿಕೊಟ್ರಿ. ಈ ಬಾಗಿಲು ಎಷ್ಟು ತಿಕ್ಕಿದ್ರೂ ಒಳಗೂ ಇದೇ ಬಣ್ಣ. ಕಾರು ಮಾಸಿದ ಮೇಲೆ ಯಾರೋ ಮಾಸಿದ ಬಣ್ಣಾನೇ ಕಲೆಸಿ ಹೊಡೆದಿದ್ದಾರೆ. ಪಕ್ಕದ ಬಾಗಿಲಿಗೆ ಹೊಂದಬೇಕಲ್ಲ, ಅದಕ್ಕೆ."

ಮಾಮನ ಕೈಯ ಬಟ್ಟೆ ಮುದುಡಿತು. "ಯಾರು ನೀನು? ಪೊಲೀಸಾ?"

"ಅಲ್ಲ ಮಾಮ. ಕಳೆದೋದ ಛತ್ರಿ ವಾಪಸ್ ಕೊಡೋಳು."

"ಛತ್ರಿ ಕೊಡೋಳಿಗೆ ಬಾಗಿಲ ಉಸಾಬರಿ ಯಾಕೆ?"

ಅವಳು ಹೋಗಿ ಬಾಗಿಲು ತೆರೆದಳು. ಹಳೇ ಕಾಲದ ಗಾಡಿ. ಇದರ ಹಿಂದಿನ ಬಾಗಿಲುಗಳು ಹಿಂದುಮುಂದಾಗಿ, ಹಿಂಬದಿಯ ಕೀಲಿನ ಮೇಲೆ ತೆರೆಯುತ್ತಿದ್ದವು. ಟೇಪು ಅಂಟಿಸುವಾಗ ಅವಳು ಬಾಗಿಲಂಚಿನ ರಬ್ಬರ್ ಬೀಡಿಂಗ್ ಪಟ್ಟಿ ಸರಿಸಿ ನೋಡಿದ್ದಳು. ಈಗ ಮತ್ತೆ ಸರಿಸಿದಳು. ಒಳ ಅಂಚಿನ ತಗಡಿನ ಮೇಲೆ ಸುತ್ತಿಗೆಯ ಏಟುಗಳು ಸಾಲಾಗಿ ಕಂಡವು.

"ಇಲ್ಲಿ..."

"ನಾನು ಯಾರನ್ನೂ ಗುದ್ದಿಲ್ಲ!"

ಮಾಮ ಕೂಗಿಬಿಟ್ಟಿದ್ದರು. ಶೆಡ್ಡಿನ ತಗಡು ಝಲ್ಲೆಂದಿತು. ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟುಬಿಟ್ಟೆನೆಂದು ತಿಳಿದು ಅವರ ಮುಖದ ನೀರಿಳಿಯಿತು.

"ಗೊತ್ತು ಮಾಮ," ಎಂದಳು ಇಲಿಮರಿ. "ಗುದ್ದಿದ್ರೆ ತಗ್ಗು ಒಳಕ್ಕೆ ಬೀಳ್ತಿತ್ತು. ಇದು ಹೊರಕ್ಕೆ ಮಡಚಿದ್ದನ್ನ ವಾಪಸ್ ಬಡಿದಿರೋದು. ಬಾಗಿಲು ತೆರೆದೇ ಇದ್ದಾಗ, ಗಾಡಿ ಮುಂದಕ್ಕೆ ಹೋಗ್ತಾ ಕಂಬಕ್ಕೆ ತಾಗಿದೆ. ತೆರೆದ ಬಾಗಿಲಲ್ಲಿ ಯಾರಾದ್ರೂ ಯಾಕೆ ಗಾಡಿ ಓಡಿಸ್ತಾರೆ? ಸೀಟಿನ ಮೇಲೆ ಮಲಗಿಸಿದವರ ಕಾಲು ಹೊರಗೆ ಚಾಚಿದ್ರೆ ಓಡಿಸ್ತಾರೆ. ಬಾಗಿಲು ಹಾಕೋಕೆ ಆಗದೇ ಇದ್ರೆ. ಕಾಲು ಮಡಚಿಸೋಕೂ ಟೈಮಿಲ್ಲದೇ ಇದ್ರೆ."

ಮಾಮ ಸ್ಟೂಲಿನ ಮೇಲೆ ಕೂತರು.

"ಆ ಕಾಲು ನಮ್ಮಮ್ಮಂದು," ಎಂದಳು ಅವಳು.

ಮಾಮ ತಲೆಯೆತ್ತಿದರು. "ಅವರು... ಆಮೇಲೆ..."

ಆಗ ಇಲಿಮರಿಗೆ ಹೊಳೆಯಿತು. ಇಷ್ಟು ದಿನ ಈ ಮನುಷ್ಯನಿಗೆ ಗೊತ್ತೇ ಇಲ್ಲ!

"ಚೆನ್ನಾಗಿದ್ದಾಳೆ ಮಾಮ. ಬದುಕಿದ್ದಾಳೆ. ಬದುಕಿರೋದೇನು, ಬೆಳಗಾದ್ರೆ ನನ್ನ ಬೈಯೋದು ನಿಲ್ಲಿಸಲ್ಲ."

ಕನ್ನಡಿ ಮಾಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಹೆಗಲು ಅಲುಗಿತು. ಅವಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಹೋಗಿ ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟಳು. ಲೋಟದಲ್ಲಿ ಆಗಲೇ ಬಣ್ಣ ಉಜ್ಜುವ ವಾಟರ್ ಪೇಪರ್ ನೆನೆಸಿಟ್ಟಿದ್ದರು ಎನ್ನುವುದು ಆಮೇಲೆ ಗೊತ್ತಾಯಿತು.

"ಕೇಳೋಕೆ ಹೋಗಿದ್ದೆ ಕಣಮ್ಮಾ," ಎಂದರು ಮಾಮ, ಮುಖ ಮುಚ್ಚಿಕೊಂಡೇ. "ಮಾರನೇ ದಿನ ಆಸ್ಪತ್ರೆ ಬಾಗಿಲವರೆಗೂ ಹೋದೆ. ಇಲ್ಲ ಅಂದ್ಬಿಟ್ರೆ? ಯಾರು ನೀನು, ಯಾರ ಗಾಡಿ ಅಂತ ಕೇಳಿದ್ರೆ? ಗೇಟಿಂದ ಆಚೆ ತೆಗೀಬೇಡ ಅಂತ ಒಂದೇ ಮಾತು ಹೇಳಿ ಕೀ ಕೊಟ್ಟಿದ್ರು ಟೀಚರಮ್ಮ. ಅವರೆಜಮಾನ್ರ ಗಾಡಿ. ಅವರು ಒರೆಸಿಟ್ಟ ಹಾಗೇ ಇರಬೇಕು ಅಂತ. ಮಾತು ತಪ್ಪಿದ್ದೂ ಅಲ್ದೆ, ಬಾಗಿಲನ್ನೂ ಮುರಿದುಕೊಂಡು ಬಂದಿದ್ದೆ. ರಾತ್ರೋರಾತ್ರಿ ರಿಪೇರಿ ಮಾಡಿ, ಕಣ್ಣಿಗೆ ಕಾಣದ ಹಾಗೆ ಬಣ್ಣ ಹೊಂದಿಸಿದೆ. ಅಷ್ಟು ಚೆನ್ನಾಗಿ ಇನ್ಯಾವತ್ತೂ ಹೊಂದಿಸಿಲ್ಲ. ಅದೇ ನನ್ನ ಕುತ್ತಿಗೆಗೆ ಬಂತು ನೋಡು."

"ನಾನು ಹಿಡಿದುಕೊಡೋಕೆ ಬಂದಿಲ್ಲ ಮಾಮ. ಥ್ಯಾಂಕ್ಸ್ ಹೇಳೋಕೆ ಬಂದಿದ್ದು."

ಅಷ್ಟು ಪುಟ್ಟ ಮಾತಿಗೆ ಇಷ್ಟು ವರ್ಷ ಬೇಕಾಯಿತಲ್ಲ ಎಂದು ಅವಳಿಗೆ ಅನಿಸಿತು. ಕಳ್ಳನಾದರೆ ಎಲ್ಲೋ ಒಂದು ಕಡೆ ಬಾಯಿ ಬಿಡುತ್ತಾನೆ. ಉಪಕಾರ ಮಾಡಿ ಅಡಗಿ ಕೂತವರನ್ನು ಹಿಡಿಯುವುದಿದೆಯಲ್ಲ!

"ಕನ್ನಡಿ."

ಇಬ್ಬರೂ ಬೆಚ್ಚಿ ತಿರುಗಿದರು. ನಿಂಬೆ ಪಾನಕದ ತಟ್ಟೆ ಹಿಡಿದು ಟೀಚರಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು.

ಮಾಮ ಎದ್ದು ನಿಂತರು. ತಪ್ಪು ಮಾಡಿದ ಹುಡುಗನ ಹಾಗೆ ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿದರು. "ಅಮ್ಮಾ, ನಾನು..."

"ಕೇಳಿಸ್ತು." ಟೀಚರಮ್ಮ ತಟ್ಟೆಯನ್ನು ಡಿಕ್ಕಿಯ ಮೇಲಿಟ್ಟರು. ಆ ಮಂಕು ಬಾಗಿಲ ಹತ್ತಿರ ಬಂದು ಅದರ ಅಂಚನ್ನು ಬೆರಳಿನಿಂದ ಸವರಿದರು. "ನಮ್ಮನೆಯವರು ಈ ಗಾಡೀನ ಮಗೂನ ಒರೆಸಿದ ಹಾಗೆ ಒರೆಸ್ತಿದ್ರು. ಆದ್ರೆ ಒಂದ್ ದಿನಾನೂ ಇಂಥಾ ಕೆಲಸಕ್ಕೆ ಇದನ್ನ ಆಚೆ ತೆಗೀಲಿಲ್ಲ. ನೀನು ತೆಗೆದೆ. ಅವರಿದ್ದಿದ್ರೆ ನಿನ್ನ ಬೈದು, ಆಮೇಲೆ ಒಳಗೆ ಹೋಗಿ ಕಣ್ಣೊರೆಸಿಕೊಳ್ತಿದ್ರು."

"ಮಾತು ತಪ್ಪಿದೆನಲ್ಲಮ್ಮಾ."

"ತಪ್ಪಿದೆ. ಬೈಗುಳ ಬಾಕಿ ಇದೆ, ಗಾಡಿ ಮಾರಿದ ಮೇಲೆ ಬೈತೀನಿ. ಈಗ ಪಾನಕ ಕುಡಿ. ಮೂತಿಗೆಲ್ಲ ಕೆಂಪು ಮೆತ್ತಿಕೊಂಡು ಕೋತಿ ಥರ ಇದ್ದೀಯ."

ಮಾಮ ಅಳುತ್ತಲೇ ನಕ್ಕರು. ಇಲಿಮರಿಗೂ ನಗು ಬಂತು. ಬಾನೆಟ್ಟಿನಲ್ಲಿ ಮೂವರ ಮುಖವೂ ಕೆಂಪಗೆ, ಸ್ವಲ್ಪ ಅಗಲಗಲವಾಗಿ ಕಂಡಿತು.

ಅಷ್ಟರಲ್ಲಿ ಪಕ್ಕದ ಓಣಿಯಿಂದ ಅಮ್ಮ ಬಂದಳು. ನೀರು ತರಲು ಹೋದಾಗ ಇಲಿಮರಿ ಫೋನಿನಲ್ಲಿ "ಬಾ" ಎಂದಷ್ಟೇ ಹೇಳಿದ್ದಳು. ಅಮ್ಮ ಕತ್ತಿನಲ್ಲಿ ನೇತಾಡುತ್ತಿದ್ದ ಅಳತೆ ಟೇಪನ್ನೂ ತೆಗೆಯದೆ ತನ್ನ ಹೊಲಿಗೆ ಅಂಗಡಿಯಿಂದ ಎದ್ದು ಬಂದಿದ್ದಳು. ಕೈಯಲ್ಲಿ ಒಂದು ಕಾಗದದ ಪೊಟ್ಟಣ.

ಅದರೊಳಗೇನಿದೆ ಎಂದು ಇಲಿಮರಿಗೆ ಗೊತ್ತು. ಅಂಗಿ. ಆಸ್ಪತ್ರೆಯಿಂದ ಬಂದು ಮೆಷಿನ್ನಿಗೆ ಕೂತ ಮೊದಲ ದಿನ ಅಮ್ಮ ಕತ್ತರಿಸಿದ ಬಟ್ಟೆ. ಮುಖ ನೆನಪಿಲ್ಲ, ದನಿ ನೆನಪಿಲ್ಲ, ದಾರಿಯುದ್ದಕ್ಕೂ ಒಂದು ಮಣಿಕಟ್ಟನ್ನು ಹಿಡಿದಿದ್ದೆ, ಅದರ ಅಳತೆ ಕೈಯಲ್ಲೇ ಉಳಿದಿದೆ ಎನ್ನುತ್ತಿದ್ದಳು. ಆ ಅಳತೆಗೆ ತೋಳು ಹೊಲಿದಿದ್ದಳು. ಕಾಲರ್ ಮಾತ್ರ ಬಾಕಿ.

"ಅಮ್ಮ, ಇವರೇ. ಗಾಡಿ ಓಡಿಸಿದ್ದು."

ಅಮ್ಮ ಮಾಮನನ್ನು ನೋಡಿದಳು. ಆಮೇಲೆ ಮುಂದೆ ಬಂದು, ಕಾಂಪೌಂಡ್ ಮೆತ್ತಿದ ಆ ಒರಟು ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಿಮ್ಮಿಂದ ಇವಳ ಜೊತೆ ಇನ್ನೂ ಜಗಳ ಆಡ್ತಾ ಇದ್ದೀನಣ್ಣ," ಎಂದಳು. "ನಿಮ್ಮ ಹೊಟ್ಟೆ ತಣ್ಣಗಿರಲಿ."

ಮಾಮ ತಲೆ ಆಡಿಸಿದರು.

"ಅಂಗಿ ಕೊಡು, ಅಳತೆ ನೋಡಲಿ," ಎಂದಳು ಇಲಿಮರಿ. ಅಮ್ಮ ಏಕೋ ಹಿಂದೆಗೆದಳು. ಇಲಿಮರಿಯೇ ಪೊಟ್ಟಣ ಬಿಚ್ಚಿ, ಬಲತೋಳನ್ನು ಮಾಮನ ಕೈಗೆ ಏರಿಸಿದಳು. ತೋಳ ತುದಿಯ ಕಫ್ ಮಣಿಕಟ್ಟಿನ ಹತ್ತಿರ ನಿಂತುಬಿಟ್ಟಿತು. ಎಳೆದರೂ ಗುಂಡಿ ಕೂಡಲಿಲ್ಲ.

"ನನ್ನದು ಕಬ್ಬಿಣದ ಕೆಲಸದ ಕೈ ಮಗು," ಎಂದರು ಮಾಮ, ಸಂಕೋಚದಿಂದ. "ಅಲ್ದೆ, ನನ್ನೆರಡೂ ಕೈ ಸ್ಟೇರಿಂಗ್ ಮೇಲಿತ್ತಲ್ಲ. ನಿಮ್ಮಮ್ಮ ಹಿಡಿದಿದ್ದು ನನ್ನ ಕೈ ಹೆಂಗಾಗುತ್ತೆ?"

ಹೌದಲ್ಲ! ಅವಳಿಗೆ ತನ್ನ ತಲೆಗೇ ಒಂದು ಮೊಟಕಬೇಕೆನಿಸಿತು.

"ಹಿಂದಿನ ಸೀಟಲ್ಲಿ ಇನ್ನೊಬ್ಬರಿದ್ರು. ಗೇಟು ಬಡಿದು, ರಸ್ತೇಲಿ ಒಬ್ಬರು ಬಿದ್ದಿದ್ದಾರೆ, ಗಾಡಿ ತೆಗೀರಿ ಅಂತ ಕೂಗಿದ್ದೇ ಅವರು. ಹೆಸರು ಗೊತ್ತಿಲ್ಲ. ನಿಮ್ಮಮ್ಮನ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ರು. ಇಳಿಯುವಾಗ ನಾನಿದ್ದೆ ಅಂತ ಯಾರಿಗೂ ಹೇಳಬೇಡಿ ಅಂದ್ರು. ಹೇಳಿರ್ಲಿಲ್ಲ, ಇವತ್ತಿನವರೆಗೂ."

ಇಲಿಮರಿ ಎಡತೋಳನ್ನು ಕೈಗೆತ್ತಿಕೊಂಡಳು. ಬೆರಳು ಕಫ್ಫಿನ ಸುತ್ತ ಓಡಿತು, ನಿಂತಿತು. ಬಲಗಡೆಯದರ ಪಕ್ಕ ಇಟ್ಟು ನೋಡಿದಳು.

ಎಡಗಡೆ ಕಫ್ ಚಿಕ್ಕದು. ಕಣ್ಣಿಗೆ ಹೊಡೆಯುವಷ್ಟು ಚಿಕ್ಕದು.

ಅಮ್ಮ ಅಳತೆ ತಪ್ಪುವವಳಲ್ಲ. ಎರಡು ತೋಳನ್ನು ಬೇರೆ ಬೇರೆ ಕತ್ತರಿಸಿದ್ದಾಳೆಂದರೆ ಆ ಮನುಷ್ಯನ ಎರಡು ಮಣಿಕಟ್ಟೂ ಬೇರೆ ಬೇರೆ. ಆದರೆ ಕಾರಿನಲ್ಲಿ ಅಮ್ಮ ಹಿಡಿದದ್ದು ಒಂದೇ ಕೈ.

ಎರಡನೆಯದರ ಅಳತೆ ಎಲ್ಲಿಂದ ಬಂತು?

ಅಮ್ಮ ಸರಕ್ಕನೆ ಅಂಗಿ ಕಿತ್ತುಕೊಂಡಳು. ಮಡಚತೊಡಗಿದಳು. ಮಡಿಕೆ ಸರಿ ಬೀಳಲಿಲ್ಲ. ಮತ್ತೆ ಬಿಚ್ಚಿ ಮಡಚಿದಳು.

"ಅಮ್ಮಾ. ಅವರು ಯಾರು ಅಂತ ನಿಂಗೆ ಗೊತ್ತಿತ್ತು."

ಅಮ್ಮನ ಕೈ ಅಂಗಿಯ ಮೇಲೇ ಇತ್ತು. "ಗೊತ್ತಿತ್ತು," ಎಂದಳು ಮೆಲ್ಲಗೆ. "ಕಣ್ಣು ಬಿಟ್ಟ ಕೂಡ್ಲೇ ಗೊತ್ತಾಯ್ತು."

"ಮತ್ತೆ ಇಷ್ಟು ದಿನ ನಾನು ಊರೆಲ್ಲ ಅಲೀತಿದ್ದೆನಲ್ಲ, ಒಂದು ಮಾತು ಹೇಳ್ಬಾರ್ದಿತ್ತಾ?"

"ಗಾಡಿ ಓಡಿಸಿದ ಅಣ್ಣ ಸಿಗಲಿ ಅಂತಿತ್ತು ಕಣೇ. ಹಿಂದೆ ಕೂತಿದ್ದವರು ಸಿಗೋದು ಬೇಡ ಅಂತಿತ್ತು."

ಗೇಟು ಕಿರ್ರೆಂದಿತು.

ಟೀಚರಮ್ಮನ ಮೈದುನನ ದನಿ ಮೊದಲು ಒಳಗೆ ಬಂತು. "ಬನ್ನಿ ಬನ್ನಿ, ಹೊಳಪು ನೋಡಿ ಸಾರ್, ಎಲ್ಲ ನಾನೇ ಮುಂದೆ ನಿಂತು ಮಾಡಿಸಿದ್ದು!" ಅವನ ಹಿಂದೆ ಕಾರು ಕೊಳ್ಳುವವರು. ನರೆತ ತಲೆ, ಎತ್ತರದ ಆಳು, ಸವೆದ ಚಪ್ಪಲಿ. ನಡೆಯುವಾಗ ಎಡಗೈಯನ್ನು ಮೈಗೆ ಅಂಟಿಸಿಕೊಂಡೇ ಇದ್ದರು. ಅಂಗಿಯ ಆ ಕಡೆಯ ತೋಳನ್ನು ಮಡಚಿ ಪಿನ್ ಹಾಕಲಾಗಿತ್ತು. ಅದರಿಂದ ಇಣುಕಿದ ಮಣಿಕಟ್ಟು ಬಲಗೈಯದರ ಅರ್ಧವೂ ಇರಲಿಲ್ಲ.

"ಅವರೇ," ಎಂದು ಕನ್ನಡಿ ಮಾಮ ಉಸಿರಿನಲ್ಲೇ ಹೇಳಿದರು.

ಇಲಿಮರಿ ಅಮ್ಮನ ಕಡೆ ತಿರುಗಿದಳು. ಪಕ್ಕದಲ್ಲಿ ಅಮ್ಮ ಇರಲಿಲ್ಲ. ನೀರಿನ ಡ್ರಮ್ಮಿನ ಹಿಂದೆ, ಅಂಗಿಯನ್ನು ಎದೆಗವಚಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು. ಬೆರಳು ತುಟಿಯ ಮೇಲಿತ್ತು.

ಬಂದವರು ಬಾನೆಟ್ಟಿನ ಕಡೆ ನೋಡಲೇ ಇಲ್ಲ. ಮೈದುನ ತೋರಿಸಿದ್ದೆಲ್ಲ ಗಾಳಿಗೆ ಹೋಯಿತು. ಕಾರನ್ನು ಬಳಸಿ ನೇರವಾಗಿ ಎಡಗಡೆ ಹಿಂದಿನ ಬಾಗಿಲ ಹತ್ತಿರ ಬಂದು, ಆ ಮಂಕು ಬಣ್ಣದ ಮೇಲೆ ಬಲಗೈ ಇಟ್ಟು ನಿಂತರು.

"ಇದನ್ನ ಹೀಗೇ ಬಿಟ್ಟುಬಿಡಿ," ಎಂದರು ಮಾಮನಿಗೆ. "ಈ ಬಾಗಿಲು ಇದೆ ಅಂತಲೇ ನಾನು ಈ ಗಾಡಿ ಕೇಳಿದ್ದು."

ಆಮೇಲೆ ಇಲಿಮರಿಯ ಕಡೆ ತಿರುಗಿದರು. ತುಂಬಾ ಹೊತ್ತು ಅವಳ ಮುಖವನ್ನೇ ನೋಡಿದರು, ಬಹಳ ಹಿಂದೆ ಎಲ್ಲೋ ಬಿಟ್ಟುಹೋದ ವಸ್ತುವನ್ನು ಅವಳ ನಿಲ್ದಾಣದ ಕೋಣೆಯ ಕಿಟಕಿಯಲ್ಲಿ ಗುರುತು ಹಿಡಿಯುವವರ ಹಾಗೆ.

"ನಿಮ್ಮಮ್ಮ ಈಗ ಹೇಗಿದ್ದಾಳೆ, ಇಲಿಮರಿ?" ಎಂದರು, ಮನೆಯ ನಾಲ್ಕು ಗೋಡೆ ದಾಟದ ಆ ಹೆಸರಿನಿಂದಲೇ ಕರೆದು.